ನಾನು ಹಾಕದ ಸಹಿ

ಆ ಮಾಜಿ ಸೆನೆಟರ್ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಹೆಚ್ಚಿನವರಿಗೆ ನೆನಪಾಗಲಿಕ್ಕಿಲ್ಲ. ಇಪ್ಪತ್ತನಾಲ್ಕರ ಚುನಾವಣೆಯಲ್ಲಿ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ಪಕ್ಷೇತರನಾಗಿ ನಿಲ್ಲುತ್ತೇನೆಂದು ಹೊರಟು, ಕೊನೆಗೆ ನಿಲ್ಲದೆ ಹೋದವರು ಅವರು. ಎರಡೂ ಪಕ್ಷಗಳ ಜೊತೆ ಕೂತು ಕೆಲಸ ಮಾಡಿದವರು, ಮೆತ್ತಗೆ ಮಾತಾಡುವವರು, ಯಾರನ್ನೂ ಬೈಯದವರು ಎಂದು ಹೆಸರಾಗಿದ್ದರು. ನಾನು ಅವರನ್ನು ನೋಡಿದ್ದು ಟಿವಿಯಲ್ಲಿ ಮಾತ್ರ. ಆದರೆ ಅವರ ಪರವಾದ ಒಂದು ಹಾಳೆಯ ಮೇಲೆ ನನ್ನ ಹೆಸರು ಬಿತ್ತು. ಅದನ್ನು ನಾನು ಬರೆದಿರಲಿಲ್ಲ. ಅದರಿಂದಾಗಿ ಒಬ್ಬ ಒಳ್ಳೆಯ ಮನುಷ್ಯ ತನ್ನ ಕುರ್ಚಿ ಕಳೆದುಕೊಂಡರು. ನಡೆದದ್ದನ್ನು ನಡೆದ ಹಾಗೆ ಬರೆಯಲು ನೋಡುತ್ತೇನೆ.

ಕುರ್ಚಿ ಎಂದರೆ ನಿಜವಾಗಿಯೂ ಕುರ್ಚಿಯೇ. ಮಡಿಸಿಡುವಂಥ, ಕಂದು ಬಣ್ಣದ ತಗಡಿನ ಕುರ್ಚಿ. ವರ್ಜೀನಿಯಾದ ಫೇರ್‌ಫ್ಯಾಕ್ಸಿನಲ್ಲಿ ನಮ್ಮ ಮನೆಯ ಹತ್ತಿರದ ಶಾಲೆಯ ಜಿಮ್ಮಿನಲ್ಲಿ ಪ್ರತಿ ನವೆಂಬರಿನಲ್ಲಿ ಮತಗಟ್ಟೆ ತೆರೆಯುತ್ತದೆ. ಅಲ್ಲಿ ಮತಪತ್ರ ಕೊಡುವ ಮೇಜಿನ ಹಿಂದೆ ಆ ಕುರ್ಚಿಯಲ್ಲಿ ನಮ್ಮ ಅಂಕಲ್ ಕೂರುತ್ತಿದ್ದರು. ಅವರು ನಮಗೆ ರಕ್ತಸಂಬಂಧಿಯಲ್ಲ. ನಾನು ಮದುವೆಯಾಗಿ ಈ ದೇಶಕ್ಕೆ ಬಂದಾಗ ವಾಷಿಂಗ್ಟನ್ನಿನ ಡಲಸ್ ಏರ್‌ಪೋರ್ಟಿನಿಂದ ನಮ್ಮನ್ನು ಮನೆಗೆ ಕರೆದೊಯ್ದವರು ಅಂಕಲ್ ಮತ್ತು ಆಂಟಿ. ಮೊದಲ ತಿಂಗಳ ಸಾರಿನಪುಡಿ ಆಂಟಿಯದು. ಅಂಕಲ್ ಮೈಸೂರಿನವರು, ಸಿವಿಲ್ ಎಂಜಿನಿಯರ್ ಆಗಿ ರಸ್ತೆ ಸೇತುವೆಗಳ ಕೆಲಸ ಮಾಡಿ ನಿವೃತ್ತರಾದವರು. ಪೌರತ್ವ ಸಿಕ್ಕ ಮರುವರ್ಷವೇ ಮತಗಟ್ಟೆಯ ಕೆಲಸಕ್ಕೆ ಹೆಸರು ಕೊಟ್ಟಿದ್ದರು. ಅರ್ಜಿಯಲ್ಲಿ ನೀವು ಯಾವ ಪಕ್ಷದವರು ಎಂದು ಕೇಳುತ್ತಾರೆ. ಅಂಕಲ್ ಪ್ರತಿ ಸಲವೂ ಯಾವುದೂ ಅಲ್ಲ ಎಂದು ಬರೆಯುತ್ತಿದ್ದರು. ಪಕ್ಷದವರಿಗೆ ಜಾಗ ಕೊಟ್ಟು ಉಳಿದರೆ ಇವರಿಗೆ ಸಿಗುತ್ತಿತ್ತು. ಉಳಿಯುತ್ತಿತ್ತು.

ಬೆಳಕು ಹರಿಯುವ ಮೊದಲೇ ಎದ್ದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಡಬ್ಬಿಯಲ್ಲಿ ಮೊಸರನ್ನ ಹಿಡಿದು ಹೋಗುತ್ತಿದ್ದರು. ನಾವು ವೋಟು ಹಾಕಲು ಹೋದರೆ ಪರಿಚಯದ ನಗೆ ಕೂಡ ಕೊಡುತ್ತಿರಲಿಲ್ಲ. ಮತಪತ್ರ ಕೊಟ್ಟು, ಎರಡು ಬದಿಯನ್ನೂ ನೋಡಿ ಎಂದು ಇಂಗ್ಲಿಷಿನಲ್ಲಿ ಹೇಳಿ, ಮುಂದಿನವರನ್ನು ಕರೆಯುತ್ತಿದ್ದರು. "ಆವತ್ತು ಇವರಿಗೆ ನಾನೂ ಯಾರೋ," ಎಂದು ಆಂಟಿ ಹೇಳುತ್ತಿದ್ದರು. "ಮನೇಲಿ ಉಪ್ಪಿನ ಡಬ್ಬಿ ಎಲ್ಲಿದೆ ಗೊತ್ತಿಲ್ಲ. ಅಲ್ಲಿ ಎಲ್ಲ ಗೊತ್ತು."

ಇಪ್ಪತ್ತರ ನವೆಂಬರಿನಲ್ಲಿ ಮಾಸ್ಕು ಹಾಕಿಕೊಂಡು, ಪ್ಲಾಸ್ಟಿಕ್ ಗಾಜಿನ ಹಿಂದೆ ಕೂತಿದ್ದರು. ಸಾಲಿನಲ್ಲಿದ್ದ ಒಬ್ಬಾತ ಇವರ ಮುಖವನ್ನೇ ನೋಡಿ, ನಿನಗೆ ಇಲ್ಲಿ ಕೂರಲು ದುಡ್ಡು ಕೊಡುತ್ತಿರುವುದು ಯಾರು ಎಂದು ಕೇಳಿದನಂತೆ. ಅಂಕಲ್ ಅವನಿಗೂ ಮತಪತ್ರ ಕೊಟ್ಟು, ಎರಡು ಬದಿಯನ್ನೂ ನೋಡಿ ಎಂದರಂತೆ. ಅದಾಗಿ ಎರಡು ತಿಂಗಳಿಗೆ, ನಮ್ಮ ಮನೆಗಳಿಂದ ಮೆಟ್ರೋದಲ್ಲಿ ಹೋಗಬಹುದಾದಷ್ಟು ದೂರದಲ್ಲಿ, ಜನ ಕ್ಯಾಪಿಟಲ್ ಕಟ್ಟಡದ ಕಿಟಕಿ ಒಡೆದು ಒಳಗೆ ನುಗ್ಗಿದರು. ಆ ಮಧ್ಯಾಹ್ನ ನಾನು ಅಂಕಲ್‌ಗೆ ಫೋನ್ ಮಾಡಿದೆ. "ನಾವು ಎಣಿಸಿದ್ದು ಸರಿಯಾಗೇ ಇತ್ತಮ್ಮ," ಎಂದಷ್ಟೇ ಹೇಳಿದರು.

ಅಂದಿನಿಂದ ಅವರಿಗೆ ನಡುವಿನ ಒಬ್ಬ ಮನುಷ್ಯ ಬೇಕು ಎಂಬುದೊಂದು ಹಿಡಿದುಕೊಂಡಿತು. ಅದಕ್ಕೆ ಅವರ ಹತ್ತಿರ ಒಂದು ಆಧಾರವೂ ಇತ್ತು. ಇಲ್ಲಿನ ಕನ್ನಡ ಸಂಘ ಒಂದು ಕಾಲಕ್ಕೆ ಒಡೆದುಹೋಗುವ ಹಂತಕ್ಕೆ ಬಂದಿತ್ತು. ಹಳೇ ಮೈಸೂರಿನವರದೊಂದು ಗುಂಪು, ಉತ್ತರ ಕರ್ನಾಟಕದವರದೊಂದು ಗುಂಪು. ಜಗಳ ಯಾವುದಕ್ಕೆ ಶುರುವಾಯಿತೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕೊನೆಗೆ ಎರಡೂ ಕಡೆಯವರು ಸೇರಿ ಅಂಕಲ್ ಅವರನ್ನು ಅವಿರೋಧವಾಗಿ ಅಧ್ಯಕ್ಷರನ್ನಾಗಿ ಆರಿಸಿದರು. ಸಂಘ ಉಳಿಯಿತು. ಇದು ಸಾಧ್ಯವಾದರೆ ಅದೂ ಸಾಧ್ಯ ಎಂಬುದು ಅವರ ಲೆಕ್ಕ.

ಇಪ್ಪತ್ತನಾಲ್ಕರ ಸಂಕ್ರಾಂತಿಯ ವಾರ ಅವರಿಬ್ಬರೂ ನಮ್ಮ ಮನೆಗೆ ಎಳ್ಳು ಬೀರಲು ಬಂದರು. ಅಂಕಲ್ ಕೈಯಲ್ಲಿ ಕ್ಲಿಪ್‌ಬೋರ್ಡ್ ಇತ್ತು. ಪಕ್ಷೇತರ ಅಭ್ಯರ್ಥಿಯ ಹೆಸರು ವರ್ಜೀನಿಯಾದ ಮತಪತ್ರದಲ್ಲಿ ಬರಬೇಕಾದರೆ ಸಾವಿರಾರು ಮತದಾರರು ಹಾಳೆಯ ಮೇಲೆ ಸಹಿ ಹಾಕಿ ಕೊಡಬೇಕು, ನಮ್ಮೂರಲ್ಲಿ ನಾಮಪತ್ರಕ್ಕೆ ಸೂಚಕರು ಸಹಿ ಹಾಕುವ ಹಾಗೆ. ಸಹಿ ಸಂಗ್ರಹಿಸುವವನು ಪ್ರತಿ ಹಾಳೆಯ ಹಿಂದೆ ಪ್ರಮಾಣ ಮಾಡಬೇಕು: ಇದರಲ್ಲಿರುವ ಪ್ರತಿಯೊಂದು ಸಹಿಯನ್ನೂ ಅವರವರೇ ನನ್ನ ಕಣ್ಣೆದುರಿಗೆ ಹಾಕಿದ್ದಾರೆ ಎಂದು. ನೋಟರಿಯ ಮುಂದೆ. ಇದನ್ನು ಅಂಕಲ್ಲೇ ನಮಗೆ ವಿವರಿಸಿದ್ದು.

"ಗುರುತು ಏನು ಅಂಕಲ್? ಸೀಲಿಂಗ್ ಫ್ಯಾನಾ, ತೆಂಗಿನಕಾಯಾ?" ನನ್ನ ಗಂಡ ಕೇಳಿದರು.

"ನಗಪ್ಪ, ನಗು."

"ಅಲ್ಲ, ಗೆದ್ಮೇಲೆ ಯಾವ್ ಪಾರ್ಟಿಗೆ ಹೋಗ್ತಾರೆ ಅಂತ ಈಗ್ಲೇ ಕೇಳಿಟ್ಕೊಳಿ. ನಮ್ಮೂರಲ್ಲಿ ಪಕ್ಷೇತರರಿಗೆ ಅದೇ ತಾನೆ ಕೆಲಸ."

"ಗೆಲ್ಲಲ್ಲ. ಅದು ನಂಗೂ ಗೊತ್ತು," ಎಂದರು ಅಂಕಲ್. "ಎರಡೋ ಮೂರೋ ಸ್ಟೇಟ್ ಸಿಕ್ರೆ ಸಾಕು. ಆಗ ಆ ಇಬ್ರಿಗೂ ಮೆಜಾರಿಟಿ ಬರಲ್ಲ. ಇವರ ಹತ್ರ ಬಂದು ಕೂತು ಮಾತಾಡ್ಬೇಕಾಗತ್ತೆ."

"ಮೆಜಾರಿಟಿ ಬರ್ಲಿಲ್ಲ ಅಂದ್ರೆ ಹೌಸ್‌ಗೆ ಹೋಗತ್ತೆ ಅಂಕಲ್, ಇಲ್ಲಿನ ಲೋಕಸಭೆಗೆ. ಅಲ್ಲಿ ಸ್ಟೇಟಿಗೊಂದು ವೋಟು. ಅಲ್ಲಿ ಕೂತಿರೋರು ಯಾರು? ಆ ಎರಡು ಪಾರ್ಟಿಯವ್ರೇ. ನಿಮ್ಮ ಸೆನೆಟರ್‌ಗೆ ಅಲ್ಲಿ ಒಂದು ಲೋಟ ಕಾಫಿ ಕೊಡೋರೂ ಇರಲ್ಲ."

ಆಗ ನನ್ನ ಮೈದುನ ಜಾರ್ಜಿಯಾದ ಡುಲುತ್‌ನಿಂದ ಹಬ್ಬದ ಫೋನ್ ಮಾಡಿದ. ಅಟ್ಲಾಂಟಾದ ಆ ಕಡೆಯವರಿಗೆ ಇಪ್ಪತ್ತರಲ್ಲಿ ತಮ್ಮ ರಾಜ್ಯ ಕೂದಲೆಳೆಯಲ್ಲಿ ತೀರ್ಮಾನವಾದದ್ದರ ನೆನಪು ಇನ್ನೂ ಬಿಸಿಯಾಗಿಯೇ ಇತ್ತು. ಗಂಡ ಸ್ಪೀಕರ್ ಹಾಕಿದರು. "ಅಂಕಲ್, ಅವ್ರನ್ನ ದಯವಿಟ್ಟು ಜಾರ್ಜಿಯಾಗೆ ಮಾತ್ರ ಕಳಿಸ್ಬೇಡಿ," ಎಂದ ಅವನು. "ನಮ್ಮವ್ರಿಗೆ ಬರೋ ನಾಕು ವೋಟನ್ನ ಅವ್ರು ತಿಂದ್ಹಾಕ್ತಾರೆ. ಒಳ್ಳೆಯವ್ರೇ ಇರ್ಬೋದು, ಮನೇಲಿರ್ಲಿ."

ಎಲ್ಲರೂ ನಕ್ಕರು. ಅಂಕಲ್ಲೂ ನಕ್ಕರು. ಆಂಟಿ ಮಾತ್ರ ಎಳ್ಳಿನ ಡಬ್ಬಿ ಮುಚ್ಚುತ್ತಾ ನನ್ನ ಕಡೆ ತಿರುಗಿ ಹೇಳಿದರು: "ಸಂಘಕ್ಕೆ ಪ್ರೆಸಿಡೆಂಟ್ ಮಾಡಿದ್ರಲ್ಲ, ಅದೇ ಇವರ ತಲೇಲಿ ಕೂತಿದೆ. ಆ ಎರಡು ಗುಂಪಿಗೂ ಇವರೇನ್ ಬೇಕಾಗಿರ್ಲಿಲ್ಲಮ್ಮ. ಇನ್ನೊಂದು ಗುಂಪಿನೋನು ಬರ್ಬಾರ್ದಾಗಿತ್ತು, ಅಷ್ಟೇ."

ಆ ಚಳಿಗಾಲವೆಲ್ಲ ಅಂಕಲ್ ಮನೆಮನೆಗೆ ಹೋದರು. ಸಿಟಿಜನ್ ಆಗಿದ್ದೀಯಾ, ವೋಟರ್ ಲಿಸ್ಟಿನಲ್ಲಿ ಹೆಸರಿದೆಯಾ ಎಂದು ಮೊದಲು ಕೇಳುತ್ತಿದ್ದರು. ವೀಸಾದಲ್ಲಿದ್ದವರು ಮರ್ಯಾದೆಗೆಂದು ಪೆನ್ನು ಕೇಳಿದರೂ ಕೊಡುತ್ತಿರಲಿಲ್ಲ. ನಮ್ಮ ಜನ ಅವರಿಗೆ ಬೇಡ ಎನ್ನಲಿಲ್ಲ. ಅವರು ಎಲ್ಲರ ಮನೆಯ ನಾಮಕರಣಕ್ಕೆ ಬಂದವರು, ಎಲ್ಲರ ಅಪ್ಪ ಅಮ್ಮಂದಿರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದವರು. ಸಹಿ ಹಾಕಿ, ಕಾಫಿ ಕೊಟ್ಟು, "ಆಗ್ಲಿ ಅಂಕಲ್, ನೋಡೋಣ," ಎನ್ನುತ್ತಿದ್ದರು. ನಮ್ಮಲ್ಲಿ ಹಿರಿಯರಿಗೆ ಹೇಳುವ ನೋಡೋಣ ಎಂಬ ಮಾತಿಗೆ ಏನರ್ಥವೆಂದು ಅಂಕಲ್‌ಗೆ ಗೊತ್ತಿಲ್ಲದೆ ಇಲ್ಲ. ಆದರೂ ಪ್ರತಿ ನೋಡೋಣವನ್ನೂ ಅವರು ಒಂದು ಹೌದು ಎಂದು ಇಟ್ಟುಕೊಂಡರು. ಸಹಿ ಹಾಕಿದವರಲ್ಲಿ ವೋಟು ಹಾಕುತ್ತೇನೆಂದು ಬಾಯಿಬಿಟ್ಟು ಹೇಳಿದ ಒಬ್ಬರನ್ನೂ ನಾನು ಕಂಡಿಲ್ಲ.

ನಮ್ಮ ಮನೆಯ ಸಹಿ ಮಾತ್ರ ಉಳಿದುಬಿಟ್ಟಿತ್ತು. ಎಳ್ಳು ಬೀರಲು ಬಂದ ದಿನ ತಂದಿದ್ದ ಹಾಳೆ ತುಂಬಿಹೋಗಿ, ಮತ್ತೆ ಬರುತ್ತೇನೆ ಎಂದಿದ್ದರು. ಮಾರ್ಚಿನಲ್ಲಿ ಒಂದು ಶನಿವಾರ ಬಂದರು. ನನಗೆ ಆ ದಿನ ಡ್ಯೂಟಿ ಇತ್ತು. ನಾನು ಕೆಲಸ ಮಾಡುವುದು ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ. ರಕ್ತದ ಟ್ಯೂಬಿನ ಮೇಲಿನ ಹೆಸರೂ ಜನ್ಮದಿನಾಂಕವೂ ಡಾಕ್ಟರ ಚೀಟಿಗೆ ಹೊಂದದಿದ್ದರೆ ಆ ಟ್ಯೂಬನ್ನು ನಾವು ಎಸೆಯುತ್ತೇವೆ. ಯಾರದಿರಬಹುದೆಂದು ಅಂದಾಜು ಗೊತ್ತಿದ್ದರೂ ಎಸೆಯುತ್ತೇವೆ. ನರ್ಸು ಫೋನ್ ಮಾಡಿ ಬೇಡಿಕೊಂಡರೂ ಮತ್ತೆ ರಕ್ತ ತೆಗೆಯಿರಿ ಎನ್ನುತ್ತೇವೆ.

ಆ ದಿನ ರಾತ್ರಿಯ ಊಟಕ್ಕೆ ಕೂತಾಗ ಗಂಡ ಮಾತಿನ ಮಧ್ಯೆ ಹೇಳಿದರು: "ಅಂಕಲ್ ಬಂದಿದ್ರು. ನಿಂದೂ ಹಾಕ್ಬಿಟ್ಟೆ."

"ಏನು ಹಾಕಿದ್ರಿ?"

"ಸೈನು. ಆ ಪೆಟಿಷನ್ನಿಗೆ."

ಹೈಸ್ಕೂಲಿನಲ್ಲಿದ್ದ ಮಗಳು ಫೋನಿನಿಂದ ತಲೆಯೆತ್ತಿದಳು. "ಬಟ್ ಅಪ್ಪ, ದಟ್ಸ್ ಲೈಕ್, ಫೋರ್ಜರಿ."

"ಅದೇನು ಬ್ಯಾಂಕ್ ಚೆಕ್ಕಾ? ಸಂಘದ ಫಾರಂಗೆ ನಿಮ್ಮೆಲ್ಲರ ಹೆಸರಿಗೂ ನಾನೇ ಅಲ್ವಾ ಹಾಕೋದು."

ಅದು ನಿಜ. ಸಂಘದ ಸದಸ್ಯತ್ವ ಮನೆಗೊಂದು. ಯಾರಾದರೂ ಒಬ್ಬರು ಸಹಿ ಹಾಕಿದರೆ ಮನೆಯವರೆಲ್ಲ ಸದಸ್ಯರು. ರಾಜ್ಯೋತ್ಸವದ ಊಟಕ್ಕೆ, ಪಿಕ್ನಿಕ್ಕಿಗೆ, ದೇವಸ್ಥಾನದ ಸಂಕಲ್ಪಕ್ಕೆ ಎಲ್ಲ ಹೀಗೆಯೇ ನಡೆಯುತ್ತದೆ. ಮನೆಯನ್ನು ಒಂದು ತಲೆ ಎಂದು ಎಣಿಸುವುದು ನಮಗೆ ಎಷ್ಟು ಅಭ್ಯಾಸವಾಗಿದೆಯೆಂದರೆ, ಹೆಂಡತಿಯ ಹೆಸರು ಬರೆಯುವಾಗ ಗಂಡನ ಕೈ ತಡೆಯುವುದೇ ಇಲ್ಲ.

"ಅಂಕಲ್ ಏನಂದ್ರು?" ಎಂದು ಕೇಳಿದೆ.

"ಬೇಡಪ್ಪ, ಅವಳೇ ಹಾಕ್ಬೇಕು, ನಾಳೆ ಬರ್ತೀನಿ ಅಂದ್ರು. ಯಾಕಂಕಲ್ ಸುಮ್ನೆ ಗ್ಯಾಸ್ ವೇಸ್ಟ್ ಮಾಡ್ತೀರಾ, ನಮ್ಮನೆಯವಳನ್ನ ನಂಬಲ್ವಾ ಅಂದೆ. ಸುಮ್ನಾದ್ರು."

"ಆ ಸಾಲು ಹೊಡೆದುಹಾಕಕ್ಕೆ ಹೇಳಿ ಅವರಿಗೆ. ನಾನು ಬೇಕಾದ್ರೆ ಬೇರೆ ಹಾಳೇಲಿ ಹಾಕ್ತೀನಿ."

"ಹೇಳ್ತೀನಿ."

ಮುಂದಿನ ವಾರ ಹೇಳಿದಿರಾ ಎಂದು ಕೇಳಿದೆ. ಹ್ಞೂಂ ಎಂದರು. ಹೇಳಿರಲಿಲ್ಲ. ಅದು ನನಗೆ ಗೊತ್ತಾದದ್ದು ಆಗಸ್ಟಿನಲ್ಲಿ, ಮನೆಯ ಬಾಗಿಲಲ್ಲಿ.

ಬಂದವರು ಇಬ್ಬರು, ಒಬ್ಬ ಹೆಂಗಸು, ಒಬ್ಬ ಗಂಡಸು. ಹೆಂಗಸು ಒಂದು ವಕೀಲರ ಕಚೇರಿಯ ಹೆಸರು ಹೇಳಿದಳು. ಆ ಕಚೇರಿ ಯಾವ ಪಕ್ಷದ ಪರ ಎಂದು ಕೇಳಿದೆ. ಅವಳು ಹೇಳಲಿಲ್ಲ. ಆ ವರ್ಷ ಎರಡೂ ಪಕ್ಷಗಳಿಗೆ ಆ ಸೆನೆಟರ್ ಬೇಡವಾಗಿದ್ದರು, ಆದ್ದರಿಂದ ಯಾರಾದರೂ ಆಗಿರಬಹುದು. ಕೈಯಲ್ಲಿ ಹಾಳೆಗಳ ನಕಲು ಇತ್ತು. ಒಂದೇ ಮನೆಯ ಎರಡು ಸಹಿ ಒಂದೇ ಕೈಬರಹದಂತೆ ಕಂಡ ಕಡೆಯೆಲ್ಲ ಹೋಗಿ ಕೇಳುತ್ತಿದ್ದೇವೆ ಎಂದಳು. ಆ ಸಾಲಿನ ಮೇಲೆ ಬೆರಳಿಟ್ಟು, ಇದು ನಿಮ್ಮ ಸಹಿಯೇ ಎಂದು ಕೇಳಿದಳು.

ಹೆಸರು ನನ್ನದು. ವಿಳಾಸ ನಮ್ಮದು. ಸಹಿಯ ಅಕ್ಷರಗಳು ಬಲಕ್ಕೆ ವಾಲಿದ್ದವು, ನನ್ನವು ನೆಟ್ಟಗೆ ನಿಲ್ಲುತ್ತವೆ. ಮೇಲಿನ ಸಾಲಿನಲ್ಲಿ ಗಂಡನ ಸಹಿ ಇತ್ತು. ಎರಡೂ ಒಂದೇ ಕಡೆಗೆ ವಾಲಿದ್ದವು.

ಗಂಡ ಮೇಲಿನ ಕೋಣೆಯಲ್ಲಿ ಆಫೀಸಿನ ಕಾಲ್‌ನಲ್ಲಿದ್ದರು. ಬಾಗಿಲ ಬೆಲ್ ಕೇಳಿ ಮೆಟ್ಟಿಲ ಅರ್ಧಕ್ಕೆ ಬಂದು ನಿಂತಿದ್ದರು. ನಾನು ತಿರುಗಿ ನೋಡಿದೆ. ಅವರು ಏನಾದರೂ ಹೇಳಬಹುದೆಂದು ಕಾದೆ. ಅವರು ಮೆಟ್ಟಿಲ ಕಂಬಿ ಹಿಡಿದು ಅಲ್ಲೇ ನಿಂತರು.

ಇದು ನನ್ನ ಸಹಿಯಲ್ಲ ಎಂದೆ. ನನ್ನ ಗಂಡ ಹಾಕಿದ್ದು, ನನ್ನನ್ನು ಕೇಳದೆ ಹಾಕಿದ್ದು ಎಂದೂ ಹೇಳಿದೆ.

ಅವಳು ಬರೆದುಕೊಳ್ಳುತ್ತಿದ್ದ ಪೆನ್ನು ಮೊದಲ ವಾಕ್ಯಕ್ಕೆ ನಿಂತಿತು. ಎರಡನೆಯದು ನಮಗೆ ಬೇಕಾಗಿಲ್ಲ ಮೇಡಂ, ಎಂದಳು. ನೀವು ಹಾಕಿಲ್ಲ ಎಂಬುದಷ್ಟೇ ಸಾಕು. ಯಾರು ಹಾಕಿದರು ಎಂಬುದಕ್ಕೆ ಇದರಲ್ಲಿ ಜಾಗವಿಲ್ಲ. ಜೊತೆಗಿದ್ದ ಗಂಡಸು ನೋಟರಿ. ಮುದ್ರೆ ಅವನ ಜೇಬಿನಲ್ಲೇ ಇತ್ತು. ನಾನು ನನ್ನ ನೆಟ್ಟಗಿನ ಅಕ್ಷರಗಳಲ್ಲಿ ಸಹಿ ಹಾಕಿದೆ. ಅವರು ಥ್ಯಾಂಕ್ಸ್ ಹೇಳಿ ಮುಂದಿನ ಮನೆಯ ಕಡೆ ಹೋಗದೆ ನೇರ ಕಾರಿಗೆ ಹೋದರು. ನಮ್ಮ ಬೀದಿಯಲ್ಲಿ ಅವರಿಗೆ ಬೇಕಾದದ್ದು ನಮ್ಮ ಮನೆ ಒಂದೇ.

ಬಾಗಿಲು ಹಾಕಿದ ಮೇಲೆ ಗಂಡ ಕೆಳಗೆ ಬಂದರು.

"ನಂದೇ ಅಂದಿದ್ರೆ ಏನಾಗ್ತಿತ್ತು ನಿಂಗೆ?"

"ಸುಳ್ಳಾಗ್ತಿತ್ತು."

"ನನ್ ಹೆಸರು ಯಾಕ್ ಹೇಳ್ದೆ? ಕ್ಲಿಯರೆನ್ಸ್ ರಿನ್ಯೂವಲ್ ನಡೀತಾ ಇದೆ. ಗೊತ್ತು ತಾನೆ?"

ಅವರು ಕೆಲಸ ಮಾಡುವ ರೆಸ್ಟನ್ನಿನ ಕಂಪನಿ ಸರ್ಕಾರದ ಗುತ್ತಿಗೆಯದು. ಸರ್ಕಾರ ಅವರ ನಡತೆಯನ್ನು ಆಗಾಗ ಪರಿಶೀಲಿಸಿ ಒಪ್ಪಿಗೆ ಕೊಟ್ಟರೆ ಮಾತ್ರ ಆ ಕೆಲಸ ಉಳಿಯುತ್ತದೆ. ನನಗೆ ಗೊತ್ತಿತ್ತು.

"ಅವರು ಬರ್ಕೊಳ್ಳಿಲ್ಲ ನಿಮ್ಮ ಹೆಸರು," ಎಂದೆ. "ಅದೇ ಭಯ ನಂಗೆ. ಆ ಹಾಳೆ ಹಿಂದೆ ಪ್ರಮಾಣ ಮಾಡಿರೋದು ಅಂಕಲ್. ಈಗ ಎಲ್ಲ ಅವರ ತಲೆಗೆ ಬರತ್ತೆ. ನೀವು ಹೋಗಿ ಹೇಳ್ಬೇಕು."

"ಅಂಕಲ್ ರಿಟೈರ್ಡು. ಅವರಿಗೇನಾಗತ್ತೆ?"

ಈ ಮಾತನ್ನು ಅವರು ಜೋರಾಗಿ ಹೇಳಲಿಲ್ಲ. ಹವಾಮಾನದ ಬಗ್ಗೆ ಕೇಳುವ ಹಾಗೆ ಕೇಳಿದರು. ಆಮೇಲೆ ಮೇಲೆ ಹೋಗಿ ಕಾಲ್ ಮುಂದುವರಿಸಿದರು. ನಾನು ಅಡುಗೆಮನೆಯಲ್ಲಿ ನಿಂತು ಅವರ ದನಿ ಕೇಳುತ್ತಿದ್ದೆ. ಯಾವುದೋ ಸರ್ವರಿನ ಬಗ್ಗೆ ಯಾರಿಗೋ ತಾಳ್ಮೆಯಿಂದ ವಿವರಿಸುತ್ತಿದ್ದರು.

ಅದಾಗಿ ಸ್ವಲ್ಪ ದಿನಕ್ಕೆ ಸೆನೆಟರ್ ಹಿಂದೆ ಸರಿದರು. ಸಹಿ ತಂದುಕೊಟ್ಟವರಿಗೆಲ್ಲ ಒಂದು ವಿಡಿಯೊ ಕಳಿಸಿದ್ದರು, ಅಂಕಲ್ ಅದನ್ನು ನನಗೂ ಕಳಿಸಿದರು. ಮನೆಯ ಮುಂದಿನ ಜಗಲಿಯಲ್ಲಿ, ತಿಳಿನೀಲಿ ಅಂಗಿಯಲ್ಲಿ, ಕಾಲ ಬುಡದಲ್ಲಿ ಒಂದು ಮುದಿ ನಾಯಿ ಇಟ್ಟುಕೊಂಡು ಕೂತಿದ್ದರು. ದಾರಿ ಕಾಣುತ್ತಿಲ್ಲ ಎಂದರು. ದೇಶ ಇನ್ನೂ ಸಿದ್ಧವಾಗಿಲ್ಲ ಎಂದರು. ಸ್ನೇಹಿತರು ಎರಡೂ ಕಡೆಯಿಂದ ಕೇಳಿಕೊಂಡಿದ್ದಾರೆ, ಯಾರಿಗೂ ಅಡ್ಡಿಯಾಗಲು ನನಗಿಷ್ಟವಿಲ್ಲ ಎಂದರು. ಹಾಳೆಗಳ ಬಗ್ಗೆ ಒಂದು ಮಾತಿಲ್ಲ. ಸಹಿಗಳ ತಕರಾರಿನ ಬಗ್ಗೆ ಒಂದು ಸ್ಥಳೀಯ ಸುದ್ದಿಯ ವೆಬ್‌ಸೈಟ್ ಕೇಳಿದಾಗ ಅವರ ಕಚೇರಿಯವರು, ಕೆಲವು ಸ್ವಯಂಸೇವಕರ ಅತ್ಯುತ್ಸಾಹ, ಅಂಥವರಿಗೂ ನಮಗೂ ಸಂಬಂಧವಿಲ್ಲ ಎಂದರು. ಆ ಸುದ್ದಿಯ ಕೆಳಗೆ ಅಂಕಲ್ ಹೆಸರೂ ಬಂತು, ಒಂದು ಅಕ್ಷರ ತಪ್ಪಾಗಿ.

ಆ ಸೆನೆಟರ್ ಗೆಲ್ಲುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಯಾರನ್ನೂ ನೋಯಿಸಬಾರದೆಂದು ಬದುಕಿದ ಒಬ್ಬರು, ಹಾಗೇ ಬದುಕಿದ ಇನ್ನೊಬ್ಬರನ್ನು ನಂಬಿದರು. ಒಬ್ಬರು ನಾಯಿಯನ್ನು ಪಕ್ಕದಲ್ಲಿಟ್ಟುಕೊಂಡು ಜಗಲಿಯಲ್ಲಿ ಕೂತರು. ಇನ್ನೊಬ್ಬರಿಗೆ ಕೌಂಟಿಯ ಚುನಾವಣಾ ಕಚೇರಿಯಿಂದ ಫೋನ್ ಬಂತು, ಬಂದು ವಿವರಣೆ ಕೊಡಿ ಎಂದು.

ವಿಷಯ ತಿಳಿದ ದಿನವೇ ಅವರ ಮನೆಗೆ ಹೋದೆ. ಅಂಕಲ್ ಸೋಫಾದಲ್ಲಿ ಕೂತಿದ್ದರು. ಟಿವಿ ಆಫ್ ಆಗಿತ್ತು.

"ಬಾಮ್ಮ. ಹೋಗಿ ಬಂದೆ ನಾನು ನಿನ್ನೆ," ಎಂದರು.

"ಏನು ಹೇಳಿದ್ರಿ ಅಂಕಲ್?"

"ತುಂಬ ಹಾಳೆ ಇತ್ತು, ಯಾವ ಮನೇಲಿ ಯಾರಿದ್ರು ಸರಿಯಾಗಿ ನೆನಪಿಲ್ಲ, ತಪ್ಪು ನಂದು ಅಂದೆ. ಕೇಸು ಏನಿಲ್ಲ. ಎಚ್ಚರಿಕೆ ಕೊಟ್ಟು ಕಳಿಸಿದ್ರು."

"ನೆನಪಿಲ್ಲ ಅಂದ್ರಾ?"

ಊರಿನ ಪ್ರತಿಯೊಬ್ಬರ ಮಗುವಿನ ಹೆಸರು, ಯಾರು ಯಾವ ವರ್ಷ ಮನೆ ಕೊಂಡರು, ಯಾವ ಸೇತುವೆಗೆ ಎಷ್ಟು ಕಂಬ, ಎಲ್ಲ ಹೇಳುವ ಮನುಷ್ಯ ಅವರು.

"ಇವರು ಹಾಕಿದ್ದು ಅಂತ ನಾನು ಕೌಂಟಿಗೆ ಹೇಳ್ತೀನಿ," ಎಂದೆ. "ಬಾಗಿಲಿಗೆ ಬಂದೋರಿಗೂ ಹೇಳ್ದೆ. ಅವರು ಬರ್ಕೊಳ್ಳಿಲ್ಲ."

"ಬೇಡ. ಅವನಿಗೆ ಕೆಲಸ ಇದೆ, ಮಗಳು ಕಾಲೇಜಿಗೆ ಹೋಗ್ಬೇಕು."

"ಅವರೇ ಬಂದು ಹೇಳ್ಬೇಕಿತ್ತು."

"ಹೇಳಕ್ಕೆ ಬಂದಿದ್ದ ಅಂತ ಇಟ್ಕೋ." ಆಮೇಲೆ ಹೇಳಿದರು: "ಅವನು ಹಾಕಿದ್ದು ನನ್ನ ಕಣ್ಣೆದುರಿಗೇ. ಬೇಡ ಅನ್ನಕ್ಕೆ ಬಾಯಿ ಬರ್ಲಿಲ್ಲ ನಂಗೆ. ನಂಬಲ್ವಾ ಅಂದ್ಬಿಟ್ಟ. ಆಮೇಲೆ ನೋಟರಿ ಮುಂದೆ ಕೈ ಎತ್ತಿದ್ದು ಯಾರು? ನಾನು ತಾನೆ."

ಆಂಟಿ ಅಡುಗೆಮನೆಯಿಂದಲೇ ಮಾತಾಡಿದರು. "ಜಗತ್ತಿನ ಜಗಳ ಎಲ್ಲ ಬಿಡಿಸ್ತಾರೆ. ನೀನೂ ಸರಿ, ಅವನೂ ಸರಿ. ಕೊನೇಗೆ ತಪ್ಪು ಯಾರ್ದು ಅಂದ್ರೆ ಇವರ್ದು. ಕಾಫಿ ಕುಡೀತೀಯೇನಮ್ಮ?"

ಕುಡಿದೆ. ಅಂಕಲ್ ಬಾಗಿಲವರೆಗೆ ಬಂದರು. ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ, ನವೆಂಬರಿಗೆ ಕರೆ ಬಂತಾ ಎಂದು ಕೇಳಿದೆ. ಸಾಮಾನ್ಯವಾಗಿ ಅಷ್ಟು ಹೊತ್ತಿಗೆ ಅವರಿಗೆ ಯಾವ ಮೇಜು, ಯಾವಾಗ ತರಬೇತಿ ಎಂದು ಇಮೇಲ್ ಬಂದಿರುತ್ತಿತ್ತು.

"ಇನ್ನೂ ಇಲ್ಲ," ಎಂದರು. "ನೋಡೋಣ."

ಅವರು ಬೇಡ ಎಂದರೂ ನಾನು ಕೌಂಟಿಗೆ ಫೋನ್ ಮಾಡಿದೆ. ಲ್ಯಾಬಿನ ಪಾರ್ಕಿಂಗ್‌ನಲ್ಲಿ ಕಾರಿನೊಳಗೆ ಕೂತು ಮಾಡಿದೆ. ಫೋನೆತ್ತಿದ ಹೆಂಗಸು ಪೂರ್ತಿ ಕೇಳಿಸಿಕೊಂಡಳು. ಸಹಿ ಹಾಕಿದ್ದು ನನ್ನ ಗಂಡ, ಸಂಗ್ರಹಿಸಿದವರು ಮೊದಲು ಬೇಡ ಎಂದಿದ್ದರು, ಆ ಸಾಲು ತೆಗೆಸಬೇಕೆಂದು ನಾನು ಹೇಳಿದ್ದೆ, ಆ ಮಾತು ಅವರಿಗೆ ತಲುಪಲೇ ಇಲ್ಲ ಎಂದು ಒಂದೊಂದಾಗಿ ಹೇಳಿದೆ. ಅಭ್ಯರ್ಥಿ ಹಿಂದೆ ಸರಿದದ್ದರಿಂದ ಆ ಹಾಳೆಗಳಿಗೆ ಈಗ ಮಹತ್ವವಿಲ್ಲ, ವಿಚಾರಣೆ ಮುಗಿದಿದೆ ಎಂದಳು. ಹಾಗಾದರೆ ಅವರು ಮತಗಟ್ಟೆಯಲ್ಲಿ ಕೆಲಸ ಮಾಡಬಹುದೇ ಎಂದು ಕೇಳಿದೆ. ಅದು ಬೇರೆ ವಿಷಯ ಎಂದಳು. ಮತಗಟ್ಟೆಗೆ ಬೇಕಾಗುವ ಜನರನ್ನು ಈ ಸಲ ಆಗಲೇ ತುಂಬಿಸಲಾಗಿದೆ. ಸುಳ್ಳು ಪ್ರಮಾಣದ ಮಾತು ಬಂದವರನ್ನು ಕೂರಿಸಿದರೆ ಒಂದಲ್ಲ ಒಂದು ಪಕ್ಷದವರು ಆಕ್ಷೇಪಿಸುತ್ತಾರೆ, ಅವರ ಪರವಾಗಿ ಮಾತಾಡಲು ಯಾವ ಪಕ್ಷವೂ ಇಲ್ಲವಲ್ಲ ಎಂದಳು. ಅವಳ ದನಿಯಲ್ಲಿ ಕರುಣೆ ಇತ್ತು. ನನ್ನ ಹೆಸರನ್ನು ಕೇಳಿ ಬರೆದುಕೊಂಡಳು. ಗಂಡನ ಹೆಸರನ್ನು ಈ ಸಲವೂ ಯಾರೂ ಕೇಳಲಿಲ್ಲ.

ಫೋನ್ ಮಾಡಿದ್ದನ್ನು ಗಂಡನಿಗೆ ಹೇಳಿದೆ. ಕೆಲವು ದಿನ ಅವರು ನನ್ನೊಡನೆ ಮಾತಾಡಲಿಲ್ಲ. ಅಕ್ಟೋಬರ್ ಕೊನೆಗೆ ಅವರ ಕ್ಲಿಯರೆನ್ಸ್ ನವೀಕರಣವಾಯಿತು. ದೀಪಾವಳಿಗೆ ಒಂದು ದೊಡ್ಡ ಡಬ್ಬಿ ಸಿಹಿ ತಂದು, ಅಂಕಲ್ ಮನೆಗೆ ಕೊಟ್ಟು ಬರೋಣ ಎಂದರು. ನಾನು ಬರುವುದಿಲ್ಲ ಎಂದೆ. ಒಬ್ಬರೇ ಹೋಗಿ ಬಂದರು.

"ಏನಂದ್ರು?" ಎಂದೆ.

"ರಿನ್ಯೂ ಆಯ್ತು ಅಂದೆ. ಒಳ್ಳೇದಾಯ್ತಪ್ಪ ಅಂದ್ರು. ನಾರ್ಮಲ್ ಆಗೇ ಇದಾರೆ. ನೀನೇ ಸುಮ್ನೆ ದೊಡ್ಡದು ಮಾಡ್ತೀಯ."

ಚುನಾವಣೆಯ ದಿನ ಬೆಳಿಗ್ಗೆ ನಾವಿಬ್ಬರೂ ಶಾಲೆಗೆ ಹೋದೆವು. ಸಾಲು ಜಿಮ್ಮಿನ ಬಾಗಿಲು ದಾಟಿ ಕಾರಿಡಾರಿನಲ್ಲಿತ್ತು. ನಮಗಿಂತ ಸ್ವಲ್ಪ ಮುಂದೆ ಅಂಕಲ್ ಮತ್ತು ಆಂಟಿ ನಿಂತಿದ್ದರು. ಅಂಕಲ್ ಇಸ್ತ್ರಿ ಮಾಡಿದ ಅಂಗಿಯನ್ನೇ ತೊಟ್ಟಿದ್ದರು. ಮೊಸರನ್ನದ ಡಬ್ಬಿ ಇರಲಿಲ್ಲ. ಗಂಡ ದೂರದಿಂದ ಕೈಯೆತ್ತಿ, "ಅಂಕಲ್, ಹೇಗಿದೀರಾ?" ಎಂದರು. ಅಂಕಲ್ ತಿರುಗಿ, "ಚೆನ್ನಾಗಿದೀನಪ್ಪ," ಎಂದರು. ಆಂಟಿ ತಿರುಗಲಿಲ್ಲ.

ಒಳಗೆ ಮತಪತ್ರದ ಮೇಜಿನ ಹಿಂದೆ, ಆ ಕಂದು ಕುರ್ಚಿಯಲ್ಲಿ ಬೇರೊಬ್ಬರು ಕೂತಿದ್ದರು. ಹೆಸರು ಕೇಳುವ ಮೇಜಿನಲ್ಲಿದ್ದ ಬಿಳಿಕೂದಲ ಹೆಂಗಸು ಹಿಂದೆಲ್ಲ ಅಂಕಲ್ ಪಕ್ಕದಲ್ಲೇ ಕೂರುತ್ತಿದ್ದವಳು, ಅವರ ಮೊಸರನ್ನದ ರುಚಿ ನೋಡಿದವಳು. ಅವಳು ಒಮ್ಮೆ ಅವರ ಮುಖ ನೋಡಿ, ಆಮೇಲೆ ನಿಯಮದಂತೆ ಪೂರ್ತಿ ಹೆಸರೂ ವಿಳಾಸವೂ ಹೇಳಿ ಎಂದಳು. ಅಂಕಲ್ ಹೇಳಿದರು. ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು.

ಅವರ ಮುಂದಿದ್ದ ಒಬ್ಬ ಹುಡುಗಿ, ಮೊದಲ ಸಲ ವೋಟು ಹಾಕುತ್ತಿದ್ದವಳಿರಬೇಕು, ಮತಪತ್ರ ಹಿಡಿದು ಎಲ್ಲಿಗೆ ಹೋಗುವುದೆಂದು ತಿಳಿಯದೆ ನಿಂತಿದ್ದಳು. ಅಂಕಲ್ ಒಂದು ಹೆಜ್ಜೆ ಮುಂದೆ ಹೋಗಿ, ಕೈ ತೋರಿಸಿ, ಎರಡು ಬದಿಯನ್ನೂ ನೋಡಮ್ಮ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಕುರ್ಚಿಯಲ್ಲಿದ್ದಾತ ಮೆಲ್ಲಗೆ, ಮರ್ಯಾದೆಯಿಂದಲೇ ಹೇಳಿದ: ಸರ್, ದಯವಿಟ್ಟು ನಿಮ್ಮ ಸಾಲಿನಲ್ಲಿ ನಿಂತುಕೊಳ್ಳಿ.

ಅಂಕಲ್ ಸಾರಿ ಎಂದು ಹಿಂದಕ್ಕೆ ಬಂದು ನಿಂತರು.

ನನ್ನ ಸರದಿ ಬಂತು. ಹೆಸರು ಹೇಳಿದೆ, ವಿಳಾಸ ಹೇಳಿದೆ. ವರ್ಜೀನಿಯಾದಲ್ಲಿ ಅಲ್ಲಿ ಸಹಿ ಹಾಕಿಸುವುದಿಲ್ಲ, ಹೇಳಿದರೆ ಸಾಕು. ಮತಪತ್ರದ ಎರಡು ಬದಿಯನ್ನೂ ನೋಡಿದೆ. ಆ ಸೆನೆಟರ್ ಹೆಸರು ಎಲ್ಲಿಯೂ ಇರಲಿಲ್ಲ. ಹೊರಗೆ ಕಾರಿನ ಹತ್ತಿರ ಗಂಡ, ಅಂಕಲ್‌ಗೆ ಒಂದು ಮಾತು ಹೇಳಿ ಹೋಗೋಣವಾ ಎಂದರು. ನೀವು ಹೇಳಬೇಕಾದ ಮಾತು ಒಂದೇ ಇದೆ, ಅದನ್ನು ಹೇಳುವುದಾದರೆ ಹೋಗಿ ಎಂದೆ. ಅವರು ಕಾರಿನ ಬಾಗಿಲು ತೆಗೆದು ಕೂತರು. ಅಂಕಲ್ ಮತ್ತು ಆಂಟಿ ಹೊರಗೆ ಬರುವವರೆಗೆ ನಾನು ಕಾರು ಶುರು ಮಾಡಲಿಲ್ಲ. ಅವರು ಬಂದರು, ನಮ್ಮ ಕಾರಿನ ಮುಂದೆಯೇ ಹಾದು ಹೋದರು. ಗಂಡ ಫೋನ್ ನೋಡುತ್ತಿದ್ದರು.